ನಮ್ಮ ವಾಲ್ವ್ ಕಾರ್ಖಾನೆಯಲ್ಲಿ ಮೇಲ್‌ಕೌ: ನಾಲ್ಕು ವರ್ಷ ಬಳಸಿದ ಮೇಲೆ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಮ್ಮದು ವಾಲ್ವ್ ಮಾಡುವ ಕಾರ್ಖಾನೆ. 38 ಮೇಲ್‌ಬಾಕ್ಸ್ ಇವೆ. ಕೊಟೇಶನ್, ಡ್ರಾಯಿಂಗ್, ಟೆಸ್ಟ್ ಸರ್ಟಿಫಿಕೇಟ್ ಎಲ್ಲವೂ ಮೇಲ್‌ನಲ್ಲೇ ಓಡಾಡುತ್ತವೆ. ಒಂದು ದಿನ ಮೇಲ್ ನಿಂತರೆ ಡಿಸ್ಪ್ಯಾಚ್ ನಿಂತಂತೆ. ಈ ಮೇಲ್ ನಡೆಸುವುದು ಮೇಲ್‌ಕೌ ಎಂಬ ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ) ಮೇಲ್ ಸರ್ವರ್ ತಂತ್ರಾಂಶ.

ಮೊದಲು ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಎಕ್ಸ್‌ಚೇಂಜ್ 2010 ಇತ್ತು. ಅದರ ಬೆಂಬಲ 2020ರ ಅಕ್ಟೋಬರ್ 13ಕ್ಕೆ ಮುಗಿಯಿತು. ಹೊಸ ಲೈಸೆನ್ಸ್, ಹೊಸ ಸರ್ವರ್ ಸೇರಿಸಿ ಬಂದ ಕೊಟೇಶನ್ ನೋಡಿ ಮಾಲಕರು ಕಾಗದ ಮಡಚಿ ನನ್ನ ಕೈಗೇ ಕೊಟ್ಟರು. ಓಪನ್ ಸೋರ್ಸ್ ಹುಡುಕಲು ಶುರು ಮಾಡಿದ್ದು ಆಗ. ಜಿಂಬ್ರಾ ನೋಡಿದೆ. ಅದರ 9ನೇ ಆವೃತ್ತಿಯಿಂದ ಓಪನ್ ಸೋರ್ಸ್ ಬಳಕೆದಾರರಿಗೆ ಸಿದ್ಧ ಪ್ಯಾಕೇಜ್ ಕೊಡುವುದನ್ನು ನಿಲ್ಲಿಸಿದ್ದರು. ಐರೆಡ್‌ಮೇಲ್ ಕೂಡ ಹಾಕಿ ನೋಡಿದೆ, ಚೆನ್ನಾಗಿದೆ. ಕೊನೆಗೆ 2021ರಲ್ಲಿ ಮೇಲ್‌ಕೌಗೆ ನಿಂತೆವು.

ಇದು ಹೊಸದಾಗಿ ಕಂಡುಹಿಡಿದ ವಸ್ತುವಲ್ಲ. ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್, ಇಟ್ಟುಕೊಳ್ಳಲು ಡವ್‌ಕಾಟ್, ಸ್ಪ್ಯಾಮ್ ಸೋಸಲು ಆರ್‌ಸ್ಪ್ಯಾಮ್‌ಡಿ, ವೆಬ್‌ಮೇಲ್ ಮತ್ತು ಕ್ಯಾಲೆಂಡರ್‌ಗೆ ಸೋಗೋ. ವರ್ಷಗಟ್ಟಲೆ ಪಳಗಿದ ಇವನ್ನೆಲ್ಲ ಡಾಕರ್‌ನಲ್ಲಿ (ತಂತ್ರಾಂಶಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ವ್ಯವಸ್ಥೆ) ಜೋಡಿಸಿ, ಮೇಲೊಂದು ಅಚ್ಚುಕಟ್ಟಾದ ಅಡ್ಮಿನ್ ಪುಟ ಕೊಟ್ಟಿದ್ದಾರೆ. ರ‍್ಯಾಮ್ ಮಾತ್ರ ಜಾಸ್ತಿ ಬೇಕು. ಕನಿಷ್ಠ 6 ಜಿಬಿ ಅಂತಾರೆ. ನಾವು 8 ಕೊಟ್ಟಿದ್ದೇವೆ, ವೈರಸ್ ನೋಡುವ ಕ್ಲಾಮ್‌ಎವಿ ಒಂದೇ ಅದರಲ್ಲಿ ದೊಡ್ಡ ಪಾಲು ತಿನ್ನುತ್ತದೆ.

ಹಳೆಯ ಮೇಲ್‌ಗಳನ್ನು ತರುವುದು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಮೇಲ್ ನಕಲು ಮಾಡುವ ಐಮ್ಯಾಪ್‌ಸಿಂಕ್ ಒಳಗೇ ಇದೆ. ರಾತ್ರಿ ಹಚ್ಚಿಟ್ಟು ಮನೆಗೆ ಹೋದರೆ ಬೆಳಿಗ್ಗೆ ನಾಲ್ಕೈದು ಮಂದಿಯ ಮೇಲ್ ಬಂದಿರುತ್ತಿತ್ತು. ಆದರೆ ಅದು ಮೇಲ್ ಮಾತ್ರ ತರುತ್ತದೆ. ಕ್ಯಾಲೆಂಡರ್, ಕಾಂಟ್ಯಾಕ್ಟ್ ಎಲ್ಲ ಒಬ್ಬೊಬ್ಬರ ಮೇಜಿನ ಹತ್ತಿರ ಕೂತು ಕೈಯಾರೆ ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಿದೆ.

ನಿಜವಾದ ಕಷ್ಟ ಹೊರಗೆ ಕಳಿಸುವುದರಲ್ಲಿ. ಸರ್ವರ್ ಮೊದಲು ಕಚೇರಿಯಲ್ಲೇ ಇತ್ತು. ಕಳಿಸುವ ಐಪಿ (ಇಂಟರ್ನೆಟ್ ವಿಳಾಸ ಸಂಖ್ಯೆ) ಯಾರದು ಅಂತ ಕೇಳಿದರೆ, ಹೆಸರು-ವಿಳಾಸ ಹೊಂದಿಸುವ ಡಿಎನ್‌ಎಸ್ ನಮ್ಮ ಮೇಲ್ ಸರ್ವರ್‌ನ ಹೆಸರು ಹೇಳಬೇಕು, ಇಲ್ಲದಿದ್ದರೆ ಎಷ್ಟೋ ಕಡೆ ಮೇಲ್ ಒಳಗೇ ಬಿಡುವುದಿಲ್ಲ. ನಮಗೆ ಇಂಟರ್ನೆಟ್ ಕೊಡುವವರಿಂದ ಈ ಒಂದು ದಾಖಲೆ ಹಾಕಿಸಲು ಆರು ವಾರ ಫೋನ್ ಮಾಡಿದೆ. ಬೇಸತ್ತು ಮುಂಬೈಯಲ್ಲಿ ಒಂದು ಬಾಡಿಗೆ ಸರ್ವರ್ ತೆಗೆದುಕೊಂಡೆವು. ಅಲ್ಲಿ ಅದೇ ಕೆಲಸ ಐದು ನಿಮಿಷದ್ದು. ಮೇಲ್ ನಿಜಕ್ಕೂ ನಮ್ಮಿಂದಲೇ ಬಂದದ್ದು ಅಂತ ತೋರಿಸುವ ಡಿಎನ್‌ಎಸ್ ದಾಖಲೆಗಳಾದ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರನ್ನೂ ಮೊದಲ ದಿನವೇ ಹಾಕಿ. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಇನ್ನೂ ಬಿಗಿಯಾಗಿದೆ.

ಎರಡನೇ ವರ್ಷ ಒಂದು ಸೋಮವಾರ ಸೇಲ್ಸ್‌ನವರು ಬಂದರು: “ಸರ್, ಕೊಟೇಶನ್ ಕಳಿಸೀನ್ರಿ, ಪಾರ್ಟಿಗೆ ಮುಟ್ಟಿಲ್ಲಂತ ನೋಡ್ರಿ.” ಕ್ಯೂ (ಹೊರಹೋಗಲು ಕಾಯುವ ಮೇಲ್‌ಗಳ ಸಾಲು) ತೆರೆದರೆ 11 ಸಾವಿರ ಮೇಲ್! ಸ್ಟೋರ್ಸ್ ಮೇಲ್‌ಬಾಕ್ಸಿನ ಪಾಸ್‌ವರ್ಡ್ ಕಂಪನಿ ಹೆಸರಿನ ಮುಂದೆ 123 ಇತ್ತು. ಯಾರೋ ಊಹಿಸಿ ಶನಿವಾರ ರಾತ್ರಿಯಿಂದ ಸ್ಪ್ಯಾಮ್ ಕಳಿಸುತ್ತಿದ್ದರು. ಕ್ಯೂ ಖಾಲಿ ಮಾಡಿದ್ದು ಹತ್ತು ನಿಮಿಷ, ನಮ್ಮ ಐಪಿಯನ್ನು ಕಪ್ಪುಪಟ್ಟಿಯಿಂದ ಬಿಡಿಸಿದ್ದು ನಾಲ್ಕು ದಿನ. ಒಂದು ಮೇಲ್‌ಬಾಕ್ಸ್ ಗಂಟೆಗೆ ಇಷ್ಟೇ ಕಳಿಸಬಹುದು ಅಂತ ಮಿತಿ ಹಾಕುವ ಸೌಲಭ್ಯ ಮೇಲ್‌ಕೌನಲ್ಲಿ ಮೊದಲಿಂದಲೂ ಇತ್ತು, ನಾನು ಹಾಕಿರಲಿಲ್ಲ. ಈಗ 100. ಯಾರಿಗೂ ಅಡ್ಡಿಯಾಗಿಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮೇಲ್‌ಕೌ ಡಿಸ್ಕಿನಲ್ಲಿ ಮೇಲ್‌ಗಳನ್ನು ಎನ್‌ಕ್ರಿಪ್ಟ್ ಮಾಡಿ (ಕೀಲಿ ಇಲ್ಲದೆ ಓದಲಾಗದಂತೆ) ಇಡುತ್ತದೆ. ಕೀಲಿ ಇರುವುದು ಬೇರೆ ವಾಲ್ಯೂಮ್‌ನಲ್ಲಿ (ಡಾಕರ್‌ನ ಬೇರೆ ಸಂಗ್ರಹ ಜಾಗ). ಒಂದೂವರೆ ವರ್ಷ ನಾನು ಮೇಲ್ ಇರುವ ಫೋಲ್ಡರ್ ಒಂದನ್ನೇ ಬ್ಯಾಕಪ್ ಮಾಡುತ್ತಿದ್ದೆ. ಸುಮ್ನೆ ಪರೀಕ್ಷೆ ಮಾಡೋಣ ಅಂತ ಬೇರೆ ಯಂತ್ರಕ್ಕೆ ಹಾಕಿದರೆ ಫೈಲ್ ಎಲ್ಲ ಇವೆ, ಒಂದೂ ಓದಲು ಬರುತ್ತಿಲ್ಲ. ಕೈಕಾಲು ತಣ್ಣಗಾದವು. ಅವರೇ ಕೊಟ್ಟಿರುವ ಬ್ಯಾಕಪ್ ಸ್ಕ್ರಿಪ್ಟ್ ಬಳಸಿ, ‘ಆಲ್’ ಅಂತ ಕೊಡಿ. ಕೀಲಿಯೂ ಸೇರಿ ಬರುತ್ತದೆ. ಮೂರು ತಿಂಗಳಿಗೊಮ್ಮೆ ಹಳೇ ಯಂತ್ರಕ್ಕೆ ಹಾಕಿ ತೆರೆದು ನೋಡಿ.

ಕೊರತೆ ಇಲ್ಲವೇ ಅಂದರೆ ಇದೆ. ಒಬ್ಬರ ಕ್ಯಾಲೆಂಡರ್ ಇನ್ನೊಬ್ಬರು ಔಟ್‌ಲುಕ್‌ನಲ್ಲಿ ನೋಡುವುದು ಎಕ್ಸ್‌ಚೇಂಜ್‌ನಲ್ಲಿದ್ದಷ್ಟು ಸರಾಗವಿಲ್ಲ. ನಮ್ಮ ಮಾಲಕರು ಈಗ ಸೋಗೋ ವೆಬ್ ಪುಟದಲ್ಲೇ ನೋಡುತ್ತಾರೆ. ಫೋನಿನಲ್ಲಿ ಆಕ್ಟಿವ್‌ಸಿಂಕ್ ಮೂಲಕ ಮೇಲ್, ಕ್ಯಾಲೆಂಡರ್ ಎರಡೂ ತಕರಾರಿಲ್ಲದೆ ಬರುತ್ತವೆ.

ಲೈಸೆನ್ಸ್ ಪುಕ್ಕಟೆ, ಕೆಲಸ ಪುಕ್ಕಟೆ ಅಲ್ಲ. ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ಕ್ಯೂ, ಡಿಸ್ಕ್, ಡಿಮಾರ್ಕ್ ವರದಿ ನೋಡಲು ನನಗೆ ಹದಿನೈದು ನಿಮಿಷ ಬೇಕು. ತಿಂಗಳಿಗೊಂದು ಭಾನುವಾರ ಅಪ್‌ಡೇಟ್. ಇಷ್ಟು ಮಾಡುವ ಒಬ್ಬರು ನಿಮ್ಮಲ್ಲಿದ್ದರೆ ಧೈರ್ಯವಾಗಿ ಹಾಕಿಕೊಳ್ಳಿ. ಇಲ್ಲದಿದ್ದರೆ, ಐದಾರು ಮಂದಿಯ ಕಚೇರಿಯಾದರೆ, ತಿಂಗಳ ಬಾಡಿಗೆಯ ಮೇಲ್ ಸೇವೆಯೇ ವಾಸಿ. ನಾವಂತೂ ಈ ವರ್ಷ ಟಾರಿಹಾಳದ ಹೊಸ ಘಟಕದ 12 ಮೇಲ್‌ಬಾಕ್ಸನ್ನೂ ಇದಕ್ಕೇ ಸೇರಿಸುತ್ತಿದ್ದೇವೆ.