ಟ್ಯೂಷನ್ ಟೀಚರಿಗೆ ಲ್ಯಾಪ್‌ಟಾಪ್ ಸ್ಟ್ಯಾಂಡ್: ಕತ್ತರಿ ಕಾಲಿನದೋ, ಝಡ್ ಆಕಾರದ್ದೋ?

ಮುಂಬಯಿ ಸುತ್ತಿನ ಡೊಂಬಿವಲಿ, ಚೆಂಬೂರು ಕಡೆಯ ವನ್ ರೂಮ್ ಕಿಚನ್ ಮನೆಗಳಲ್ಲಿ ಟೀಚರ ಆಫೀಸು ಎಂದರೆ ಊಟದ ಮೇಜು. ಸಂಜೆ ಆನ್‌ಲೈನ್ ಪಾಠ, ಆಮೇಲೆ ಪ್ರಶ್ನೆಪತ್ರಿಕೆ ಟೈಪಿಂಗ್, ಒಂಬತ್ತಕ್ಕೆ ಅದೇ ಜಾಗದಲ್ಲಿ ಅನ್ನ, ಸಾರು. ಹೀಗಿರುವಾಗ ಮಡಚಿ ಬದಿಗಿಡುವ ಅಲ್ಯೂಮಿನಿಯಂ ಸ್ಟ್ಯಾಂಡೇ ಗತಿ. ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತವೆ: ಹಗುರವಾದ ಕತ್ತರಿ ಕಾಲಿನದು, ಎರಡು ಕೀಲಿರುವ ಭಾರದ ಝಡ್ ಆಕಾರದ್ದು.

ಇವನ್ನು ಅಳೆಯಲು ಹಿಡಿದದ್ದು ರೋಸಾ (ROSA) ಪಟ್ಟಿ, ಅಂದರೆ ಮೇಜಿನ ಕೆಲಸದಲ್ಲಿ ಮೈಗೆ ಬೀಳುವ ಒತ್ತಡವನ್ನು ಅಂಕದಲ್ಲಿ ಹೇಳುವ ಪಟ್ಟಿ. ಕೆನಡಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಈ ಪಟ್ಟಿ ಕುರ್ಚಿ, ಪರದೆ, ಫೋನು, ಮೌಸು, ಕೀಬೋರ್ಡುಗಳಿಗೆ ಅಂಕ ಕೊಡುತ್ತದೆ. ಒಟ್ಟು 1ರಿಂದ 10. ಇಲ್ಲಿ ಅಂಕ ಹೆಚ್ಚಾದಷ್ಟೂ ಕೆಟ್ಟದ್ದು, 5 ದಾಟಿದರೆ ವ್ಯವಸ್ಥೆಯನ್ನು ತಡಮಾಡದೆ ಪರಿಶೀಲಿಸಬೇಕು. ಎಡೆಬಿಡದೆ ಒಂದು ಗಂಟೆ ಮೀರಿ ಕೂತರೆ ಇನ್ನೊಂದು ಅಂಕ ಏರುತ್ತದೆ. ಬ್ಯಾಚಿನ ಹಿಂದೆ ಬ್ಯಾಚು ತೆಗೆದುಕೊಳ್ಳುವವರಿಗೆ ಅದು ತಪ್ಪಿದ್ದಲ್ಲ.

ಲ್ಯಾಪ್‌ಟಾಪನ್ನು ನೇರ ಮೇಜಿನ ಮೇಲಿಟ್ಟರೆ 15.6 ಇಂಚಿನ ಪರದೆಯ ಮೇಲಂಚು ಸುಮಾರು 24 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ಐದಡಿ ಎತ್ತರದವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಕಣ್ಣು ಮೇಜಿನಿಂದ 38 ಸೆಂ.ಮೀ. ಮೇಲೆ. ಉಳಿದ 14 ಸೆಂ.ಮೀ.ಯನ್ನು ಕುತ್ತಿಗೆ ಬಗ್ಗಿ ತುಂಬಿಸುತ್ತದೆ. ಈ ಕೆಲಸವನ್ನು ಎರಡೂ ಸ್ಟ್ಯಾಂಡು ಚೆನ್ನಾಗಿಯೇ ಮಾಡುತ್ತವೆ. ಕ್ಯಾಮೆರಾವೂ ಮೇಲೇರುವುದರಿಂದ ಮಕ್ಕಳಿಗೆ ಟೀಚರ ಗಲ್ಲ, ಸೀಲಿಂಗ್ ಫ್ಯಾನು ಕಾಣುವುದು ತಪ್ಪುತ್ತದೆ.

ಕೆಡುವುದು ಕೈ ವಿಷಯದಲ್ಲಿ. ಸ್ಟ್ಯಾಂಡಿನ ಮೇಲಿರುವ ಲ್ಯಾಪ್‌ಟಾಪಿನಲ್ಲೇ ಟೈಪ್ ಮಾಡಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ಹೆಗಲು ಕಿವಿಯತ್ತ ಏರುತ್ತದೆ. ಪರದೆಯಲ್ಲಿ ಇಳಿದ ಅಂಕ ಕೀಬೋರ್ಡಿನಲ್ಲಿ ವಾಪಸು. ಬೇರೆ ಕೀಬೋರ್ಡು, ಮೌಸು ಇಲ್ಲದೆ ಸ್ಟ್ಯಾಂಡು ಕೊಳ್ಳುವುದು ದಂಡ. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ ವೈರಿನ ಸಾದಾ ಕೀಬೋರ್ಡು ಸಾಕು, ಆದರೆ ಪೂರ್ಣ ಗಾತ್ರದ್ದೇ ಇರಲಿ. ಕನ್ನಡ ಟೈಪಿಂಗಿನ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿ ವಿನ್ಯಾಸದಲ್ಲಿ ದೀರ್ಘಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಒತ್ತಬೇಕು. ಪುಟ್ಟ ಕೀಬೋರ್ಡಿನಲ್ಲಿ ಆ ಕೀಲಿ ಕಿರಿದಾಗಿದ್ದು, ಕಿರುಬೆರಳು ಚಾಚಲು ಹೋಗಿ ಮಣಿಕಟ್ಟು ಹೊರಕ್ಕೆ ತಿರುಚುತ್ತದೆ. ಕನ್ನಡ ಪ್ರಶ್ನೆಪತ್ರಿಕೆ ಟೈಪ್ ಮಾಡುವವರ ಕೈನೋವಿಗೆ ಇದೂ ಒಂದು ಕಾರಣ.

ಇಷ್ಟಾದರೂ ಮೇಜು ಎತ್ತರವೇ. ಊಟದ ಮೇಜು ಸಾಮಾನ್ಯವಾಗಿ 75 ಸೆಂ.ಮೀ.; ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಐದಡಿಯವರ ಮೊಣಕೈ 65ರ ಆಸುಪಾಸು. ಕೂರುವಲ್ಲಿ ಗಟ್ಟಿ ದಿಂಬಿಟ್ಟು 8-10 ಸೆಂ.ಮೀ. ಏರಿಸಿ. ಮೆತ್ತನೆಯದಾದರೆ ಕುಸಿಯುತ್ತದೆ. ಹೀಗೆ ಎತ್ತರ ಕೂತಾಗ ಕಾಲು ನೇತಾಡುತ್ತದೆ, ನೇತಾಡುವ ಕಾಲಿಗೆ ರೋಸಾದಲ್ಲಿ ನೇರ 3 ಅಂಕ. ಕಾಲ ಕೆಳಗೆ ಎ4 ಕಾಗದದ ಎರಡು ರೀಮು ಒಂದರ ಮೇಲೊಂದಿಟ್ಟರೆ 10 ಸೆಂ.ಮೀ. ಸಿಗುತ್ತದೆ. ಕಾಗದಕ್ಕೆ ಕಾಲು ತಾಗಿಸಲು ಮನಸ್ಸು ಬಾರದವರು ಮಣೆ ಇಟ್ಟುಕೊಳ್ಳಲಿ. ಸ್ಟ್ಯಾಂಡಿನ ಎತ್ತರ ಹೊಂದಿಸುವುದು ಇದೆಲ್ಲ ಮುಗಿದ ಮೇಲೆ. ಮೊದಲೇ ಹೊಂದಿಸಿದರೆ ದಿಂಬು ಬಂದ ದಿನ ಲೆಕ್ಕ ತಪ್ಪುತ್ತದೆ, ಮೊದಲಿನ 14ಕ್ಕೆ ದಿಂಬಿನ ಎತ್ತರ ಸೇರಿ ಈಗ ಬೇಕಾದ್ದು 22-24 ಸೆಂ.ಮೀ. ಕತ್ತರಿ ಕಾಲಿನವು ಸಾಧಾರಣವಾಗಿ ಅಷ್ಟು ಏರುವುದಿಲ್ಲ. ಝಡ್‌ನಲ್ಲಿ ಏರುವಂಥವು ಸಿಗುತ್ತವೆ, ಅಳತೆ ನೋಡಿಯೇ ಕೊಳ್ಳಿ.

ದೂರಕ್ಕೂ ಓದಿಗೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕದವರ ಲೆಕ್ಕ ಬೇರೆ. ಗಾಜಿನ ಕೆಳಭಾಗದಿಂದ ಓದಲು ಅವರು ಗದ್ದ ಎತ್ತುತ್ತಾರೆ, ಆದ್ದರಿಂದ ಪರದೆ ತಗ್ಗಿನಲ್ಲೇ ಇರಬೇಕು. ಅವರಿಗೆ ಕತ್ತರಿ ಕಾಲಿನದೇ ಸರಿ, ದುಡ್ಡೂ ಉಳಿಯುತ್ತದೆ.

ಪಠ್ಯಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿ ಓದುವುದಕ್ಕೂ ರೋಸಾದಲ್ಲಿ ಒಂದು ಅಂಕ ಏರುತ್ತದೆ. ಮನೆಯಲ್ಲಿ ವ್ಯಾಸಪೀಠ ಇದ್ದರೆ ಪರದೆಯ ಪಕ್ಕ ಇಡಿ, ಹೊಸದೇನೂ ಕೊಳ್ಳಬೇಕಿಲ್ಲ. ಕಿಟಕಿ ಬೆನ್ನ ಹಿಂದಿದ್ದರೆ ಪರದೆ ಹೊಳೆಯುತ್ತದೆ, ಬದಿಗೆ ಬರುವಂತೆ ಕೂರಿ.

ಬಾಳಿಕೆಯಲ್ಲಿ ಝಡ್‌ನ ದೋಷ ಕೀಲಿನದು. ಎರಡು ಕೆ.ಜಿ. ದಾಟಿದ ಲ್ಯಾಪ್‌ಟಾಪ್ ಇಟ್ಟರೆ ಬರಬರುತ್ತಾ ಮೆಲ್ಲಗೆ ತಲೆ ಬಾಗಿಸುತ್ತದೆ. ಅಲೆನ್ ಕೀಯಲ್ಲಿ ಕಾಲು ಸುತ್ತು ಬಿಗಿ ಮಾಡಿ. ಹೆಚ್ಚು ತಿರುಗಿಸಿದರೆ ಮಡಚಲು ಬಾರದು. ಸ್ಟೇನ್‌ಲೆಸ್ ಅಲ್ಲದ ಸ್ಕ್ರೂ ಮುಂಬಯಿಯ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ರಬ್ಬರ್ ಪ್ಯಾಡಿನ ಅಂಟೂ ಬಿಡುತ್ತದೆ. ಪ್ಯಾಡ್ ಬಿದ್ದಲ್ಲಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಅಂಟಿಸಿದರೆ ಅಂಗಡಿಯ ಪ್ಯಾಡಿಗಿಂತ ಗಟ್ಟಿ ನಿಲ್ಲುತ್ತದೆ.