ಕಫ ಸಡಿಲಿಸುವ ಊದುವ ಸಾಧನ: ದಿನಾ ಬಳಸುವವಳ ಅಭಿಪ್ರಾಯ

ನನಗಿರುವ ಬ್ರಾಂಕಿಯೆಕ್ಟೇಸಿಸ್ ಎಂಬ ಶ್ವಾಸಕೋಶದ ಕಾಯಿಲೆಯಲ್ಲಿ ಕೆಮ್ಮಿಗಿಂತ ಜಾಸ್ತಿ ಕಾಡುವುದು ಮತ್ತೆ ಮತ್ತೆ ಬರುವ ಸೋಂಕು. ಶ್ವಾಸನಾಳಗಳು ಅಗಲವಾಗಿಬಿಟ್ಟಿರುವುದರಿಂದ ಕಫ ತಾನಾಗಿ ಮೇಲೆ ಬರುವುದಿಲ್ಲ. ನಿಂತ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಸೋಂಕು ನಾಳವನ್ನು ಇನ್ನಷ್ಟು ಕೆಡಿಸುತ್ತದೆ, ಕಫ ಇನ್ನಷ್ಟು ನಿಲ್ಲುತ್ತದೆ. ನನ್ನ ಕಫದ ಕಲ್ಚರ್‌ನಲ್ಲಿ (ಯಾವ ಬ್ಯಾಕ್ಟೀರಿಯಾ ಇದೆ ಎಂದು ಬೆಳೆಸಿ ನೋಡುವ ಪರೀಕ್ಷೆ) ಮೊದಲು ಹಿಮೋಫಿಲಸ್ ಇನ್‌ಫ್ಲುಯೆಂಜಾ ಎಂಬ ಬ್ಯಾಕ್ಟೀರಿಯಾ ಬರುತ್ತಿತ್ತು, ಆಮೇಲೆ ಸ್ಯೂಡೋಮೊನಾಸ್ ಎಂಬ ಇನ್ನೊಂದು ಬಂತು. ಇದು ಮಹಾ ಹಟಮಾರಿ. ಸುತ್ತ ಅಂಟಿನ ಪೊರೆ ಕಟ್ಟಿಕೊಂಡು ಕೂತರೆ ಆ್ಯಂಟಿಬಯೋಟಿಕ್‌ಗೂ ಸುಲಭಕ್ಕೆ ಬಗ್ಗುವುದಿಲ್ಲ. ಆಗಲೇ ಫಿಸಿಯೋಥೆರಪಿಸ್ಟ್ ನನಗೆ ಈ ಸಾಧನ ಹೇಳಿದ್ದು.

ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಬ್ಯಾಟರಿ ಬೇಡ. ಬಾಯಿಗಿಟ್ಟು ಉಸಿರು ಬಿಟ್ಟರೆ ಒಳಗೆ ಅಯಸ್ಕಾಂತದ ಸಣ್ಣ ಸನ್ನೆಕೋಲು ಟಪಟಪ ಬಡಿಯುತ್ತದೆ, ಆ ನಡುಕ ಎದೆಯವರೆಗೂ ಗೊತ್ತಾಗುತ್ತದೆ. ಉಸಿರಿಗೆ ಸ್ವಲ್ಪ ತಡೆ ಇರುವುದರಿಂದ ನಾಳಗಳು ಮುಚ್ಚಿಕೊಳ್ಳುವುದಿಲ್ಲ. ಸ್ಟೀಲ್ ಗುಂಡು ಇರುವ ಮಾದರಿಯನ್ನು ಸರಿಯಾದ ಕೋನದಲ್ಲೇ ಹಿಡಿಯಬೇಕು. ಇದಕ್ಕೆ ಆ ರಗಳೆ ಇಲ್ಲ, ಮಲಗಿಕೊಂಡೂ ಊದಬಹುದು. ನನಗೆ ಎಡಗಡೆ ಕೆಳಭಾಗದಲ್ಲಿ ಕಫ ಜಾಸ್ತಿ. ಬಲ ಮಗ್ಗುಲಾಗಿ ಮಲಗಿ ಊದಿದರೆ ಚೆನ್ನಾಗಿ ಸಡಿಲವಾಗುತ್ತದೆ.

ಜೋರಾಗಿ ಊದಬೇಡಿ. ಉಸಿರೆಳೆದು 2–3 ಸೆಕೆಂಡ್ ಹಿಡಿದು, ನಿಧಾನವಾಗಿ ಬಿಡಿ. ಸುಮಾರು 10 ಸಲ ಆದ ಮೇಲೆ, ಕನ್ನಡಕಕ್ಕೆ ಹಬೆ ಹಿಡಿಸುವ ಹಾಗೆ ಬಾಯಿ ತೆರೆದು ‘ಹಾ’ ಎಂದು ಉಸಿರು ತಳ್ಳಿ. ಕಫ ಬರುವುದು ಆಗ. ನಾನು ಪಾಠ ಮಾಡುವವಳು. ಬೆಳಿಗ್ಗೆಯೇ ಇದು ಮುಗಿದರೆ ತರಗತಿಯ ಮಧ್ಯೆ ಮಾತು ನಿಲ್ಲಿಸಿ ಹೊರಗೆ ಓಡಬೇಕಾಗುವುದಿಲ್ಲ. ಅದು ನನಗೆ ಎಷ್ಟು ದೊಡ್ಡ ನೆಮ್ಮದಿ ಅಂತ ಹೇಳಲಾರೆ.

ನನ್ನ ತಕರಾರು ತೊಳೆಯುವ ವಿಷಯದಲ್ಲಿ. ಬಾಯಿಗಿಡುವ ತುದಿ ಬಿಚ್ಚಿಕೊಳ್ಳುತ್ತದೆ, ಸನ್ನೆಕೋಲು ಇರುವ ಭಾಗ ಬಿಚ್ಚುವುದಿಲ್ಲ. ಎಷ್ಟು ಜಾಡಿಸಿದರೂ ಒಳಗೆ ನೀರು ಉಳಿಯುತ್ತದೆ. ಸ್ಯೂಡೋಮೊನಾಸ್‌ಗೆ ಬೇಕಾಗಿರುವುದೇ ಆ ತೇವ, ಅಲ್ವಾ? ಸೋಂಕು ತಡೆಯಲು ತಂದ ವಸ್ತುವೇ ಸೋಂಕಿನ ಮನೆಯಾಗಬಾರದು. ಆದರೂ ಸೋಪು ನೀರು, ಸೋಂಕು ನಿವಾರಣೆ, ಒಣಗಿಸುವುದು ಎಲ್ಲವನ್ನೂ ಕೈಪಿಡಿಯ ಕೊನೆಯ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕಿದ್ದಾರೆ. ಅದು ಮೊದಲ ಪುಟದಲ್ಲಿರಬೇಕಿತ್ತು.

ಇದು ಔಷಧಿಗೆ ಬದಲಿ ಅಲ್ಲ. ಕಫದ ಬಣ್ಣ ಗಾಢವಾಗಿ, ಪ್ರಮಾಣ ಹೆಚ್ಚಿ, ಸುಸ್ತಾದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಕಫದಲ್ಲಿ ರಕ್ತ ಕಂಡರೆ ಊದುವುದನ್ನು ನಿಲ್ಲಿಸಿ, ಮೊದಲು ಅವರನ್ನು ಕೇಳಿ.

ಕೊಳ್ಳುವುದಾದರೆ ಪೂರ್ತಿ ಬಿಚ್ಚಿ ತೊಳೆಯಬಹುದಾದ ಮಾದರಿಯನ್ನೇ ಕೇಳಿ. ತಡೆ ಎಷ್ಟಿರಬೇಕು ಎಂಬುದನ್ನು ಸುಮ್ನೆ ಅಂದಾಜಿಗೆ ಇಟ್ಟುಕೊಳ್ಳದೆ, ಫಿಸಿಯೋಥೆರಪಿಸ್ಟ್ ಎದುರೇ ಊದಿ ಹೊಂದಿಸಿಕೊಳ್ಳಿ.