ಬೇಸಿಗೆಯಲ್ಲಿ ಮಿತ್ರಕೀಟ ಪಾರ್ಸೆಲ್ ತರಿಸಬೇಡಿ. ನಾನು ತರಿಸಿ ಕೆಟ್ಟೆ

ದ್ರಾಕ್ಷಿ ಬೆಳೆಯುವವರೇ, ದಯವಿಟ್ಟು ಓದಿ. ಆರು ಸಾವಿರ ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ಮರ್ಯಾದೆ ಹೋಯಿತು.

ವಿಜಯಪುರದ ಹತ್ತಿರ ನಮ್ಮ ತೋಟ. ಮಾರ್ಚ್‌ನಲ್ಲಿ ಗೊನೆಗಳಿಗೆ ಹಿಟ್ಟು ತಿಗಣೆ ಹತ್ತಿತು. ಕಟಾವು ಎದುರಿಗಿದೆ, ಔಷಧಿ ಹೊಡೆಯುವ ಹಾಗಿಲ್ಲ. ಅದಕ್ಕೇ ತಿಗಣೆ ತಿನ್ನುವ ಕ್ರಿಪ್ಟೋಲೇಮಸ್ ಗುಲಗಂಜಿ ಹುಳ ತರಿಸಿದೆ. ಬಳ್ಳಿಗೆ ಹತ್ತರಂತೆ 150 ಬಳ್ಳಿಗೆ 1500 ಹುಳ. ಹಣ ಮೊದಲೇ ಹಾಕಿಸಿಕೊಂಡರು. ಬೆಂಗಳೂರಿನ ಮಾರಾಟಗಾರರು. "ನಮ್ಮ ಬಿಸಿಲಿಗೆ ತಡೆಯುತ್ತವಾ?" ಅಂತ ಕೇಳಿದ್ದೆ. ಎರಡು ಸಲ ಕೇಳಿದ್ದೆ! "ಏನೂ ಆಗಲ್ಲ ಸಾರ್, ಗಟ್ಟಿ ಹುಳ" ಅಂದರು.

ರಾತ್ರಿ ಬಸ್ಸಿಗೆ ಹಾಕುತ್ತೇವೆ ಅಂದವರು ಬೆಳಿಗ್ಗೆ ಹಾಕಿದ್ದಾರೆ. ಇಡೀ ಹಗಲು ಬಸ್ಸಿನ ಡಿಕ್ಕಿಯಲ್ಲಿ. ಅವತ್ತು ಇಲ್ಲಿ 39 ಡಿಗ್ರಿ.

ಡಬ್ಬಿ ಬಿಚ್ಚುವಾಗ ಪಕ್ಕದ ತೋಟದ ಕಾಕಾ, ಕೆಲಸದ ಹುಡುಗರು, ಎಲ್ಲ ಸುತ್ತ ನಿಂತಿದ್ದರು. ನಾನೇ ಕರೆದಿದ್ದೆ, ನೋಡಲಿ ಅಂತ. ಮುಚ್ಚಳ ತೆಗೆದೆ. ಅಲುಗಾಟವೇ ಇಲ್ಲ. ಕೊಡವಿದರೆ ಸಾಸಿವೆ ಥರ ಉದುರಿದವು. "ಸತ್ತ ಹುಳಕ್ಕ ಆರು ಸಾವಿರ ಕೊಟ್ಟಿ ಏನೋ ತಮ್ಮಾ?" ಅಂದರು ಕಾಕಾ. ಹುಡುಗರು ನಕ್ಕರು. ಜೀವ ಇದ್ದ ನಾಲ್ಕಾರು ಹುಳ ಎಲೆ ಕೆಳಗೆ ಸುಮ್ನೆ ಕೂತವು, ತಿಗಣೆ ಕಡೆ ಹೋಗಲೇ ಇಲ್ಲ.

ಫೋನ್ ಮಾಡಿದೆ. "ತಣ್ಣಗಿನ ಜಾಗದಲ್ಲಿಡಿ ಸಾರ್, ಎದ್ದೇಳುತ್ತವೆ." ಸತ್ತವು ಏಳುತ್ತವಾ? ಫೋಟೋ ಕಳಿಸಿದೆ. "ಇಲ್ಲಿಂದ ಹೊರಟಾಗ ಚೆನ್ನಾಗಿದ್ದವು." ಆಮೇಲೆ ಬಂತು ನೋಡಿ: "ನಿಮ್ಮದು ಅಷ್ಟು ಬಿಸಿಲಿನ ಊರು ಅಂತ ಮೊದಲೇ ಹೇಳಬೇಕಿತ್ತು ಸಾರ್."

ವಿಜಯಪುರದ ಬಿಸಿಲು ಹೇಳಬೇಕಾ? ವಿಳಾಸ ಬರೆದುಕೊಂಡವರು ಅವರೇ ಅಲ್ವಾ? ಈಗ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದಾರೆ.

ಆಮೇಲೆ ಗೊತ್ತಾಯಿತು, ಈ ಹುಳಕ್ಕೆ 22ರಿಂದ 28 ಡಿಗ್ರಿ ಹಿತ. ಗಾಳಿಯಲ್ಲಿ ತೇವ ಶೇಕಡಾ 70ರ ಆಸುಪಾಸು ಇರಬೇಕು. 33 ದಾಟಿದರೆ ಬೇಟೆ ಹುಡುಕುವುದನ್ನೇ ಬಿಡುತ್ತದೆ. ಒಣದ್ರಾಕ್ಷಿ ಮಾಡುವುದಕ್ಕೆ ಬಂಗಾರದಂಥ ನಮ್ಮ ಒಣ ಹವೆ ಇದಕ್ಕೆ ಯಮ. ಹುಳದ್ದು ತಪ್ಪಿಲ್ಲ, ಮಾರಿದವರದ್ದು. ಮಾರುವವರಿಗೆ ಇದು ಗೊತ್ತಿರಬೇಡವೇ?

ಬೇಕಿದ್ದರೆ ಚಳಿಗಾಲ ಮುಗಿಯುವ ಮೊದಲೇ ತನ್ನಿ. ನೀವೇ ಹೋಗಿ, ಡಬ್ಬಿ ಬಿಚ್ಚಿಸಿ ನೋಡಿ, ರಾತ್ರಿ ಪ್ರಯಾಣದಲ್ಲಿ ತನ್ನಿ. ಬಿಸಿಲಿಳಿದ ಮೇಲೆ ಬಿಡಿ. "ಏನೂ ಆಗಲ್ಲ ಸಾರ್" ಅಂದರೆ ಫೋನ್ ಇಟ್ಟುಬಿಡಿ.

ಕಾಕಾ ಈಗಲೂ ಬದುವಿನ ಮೇಲೆ ಸಿಕ್ಕರೆ ಕೇಳುತ್ತಾರೆ, "ಹುಳ ಎದ್ದುವೇನೋ ತಮ್ಮಾ?"